ಪಿಟೆನ್ ಬ್ಯಾಂಡ್ ಇದೆ, ಬ್ರೇಕ್ ಇದೆಯೇ? ಎಕೆಟಿ ಸಂಕೇತದ ಮೇಲೆ ಪಿಟೆನ್ ಹಿಡಿತವನ್ನು ಲ್ಯಾಬಿನಲ್ಲಿ ಅಳೆಯುವ ಬಗೆ

ಪ್ರಾಸ್ಟೇಟ್ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್, ಮಿದುಳಿನ ಗ್ಲಯೋಬ್ಲಾಸ್ಟೋಮಾ, ಈ ಮೂರರಲ್ಲೂ ಪದೇಪದೇ ಕಾಣೆಯಾಗುವ ಪ್ರೋಟೀನು ಪಿಟೆನ್. ಹತ್ತನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ ಅದರ ಜೀನ್ ಇದೆ. ಹೆಸರಿನ ಕೊನೆಯ 'ಟೆನ್' ಬಂದಿದ್ದು ಅಲ್ಲಿಂದಲೇ. 1997ರಲ್ಲಿ ಬೇರೆ ಬೇರೆ ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ಪತ್ತೆ ಮಾಡಿದಾಗ, ಇದು ಫಾಸ್ಫಟೇಸ್, ಅಂದರೆ ಫಾಸ್ಫೇಟ್ ಕೀಳುವ ಕಿಣ್ವ, ಅಂದಮೇಲೆ ಯಾವುದೋ ಪ್ರೋಟೀನಿನಿಂದ ಫಾಸ್ಫೇಟ್ ಕೀಳುತ್ತಿರಬೇಕು ಎಂದೇ ಎಲ್ಲರ ಊಹೆ. ಮರುವರ್ಷ ಮಾಯೆಹಾಮಾ ಮತ್ತು ಡಿಕ್ಸನ್ ತೋರಿಸಿದ್ದು ಬೇರೆಯದನ್ನು. ಪಿಟೆನ್ ಮುಖ್ಯವಾಗಿ ಕೈಹಾಕುವುದು ಕೋಶಪೊರೆಯ ಒಂದು ಕೊಬ್ಬಿನ ಅಣುವಿಗೆ, ಅಂದರೆ ಪಿಪ್-3ಕ್ಕೆ.

ಲೆಕ್ಕ ಸರಳ. ಬೆಳವಣಿಗೆಯ ಸಂದೇಶ ಬಂದಾಗ ಪಿಐ-3 ಕೈನೇಸ್ ಎಂಬ ಕಿಣ್ವ ಪಿಪ್-2ರ ಮೂರನೇ ಸ್ಥಾನಕ್ಕೆ ಒಂದು ಫಾಸ್ಫೇಟ್ ಅಂಟಿಸಿ ಪಿಪ್-3 ಮಾಡುತ್ತದೆ. ಪಿಟೆನ್ ಅದೇ ಫಾಸ್ಫೇಟನ್ನು ಕಿತ್ತು ಮತ್ತೆ ಪಿಪ್-2 ಮಾಡುತ್ತದೆ. ಪಿಪ್-3 ಇರುವಷ್ಟು ಹೊತ್ತು ಎಕೆಟಿ ಎಂಬ ಕೈನೇಸ್ ಪೊರೆಗೆ ಬಂದು ಕೂರುತ್ತದೆ. ಅಲ್ಲಿ ಪಿಡಿಕೆ1 ಎಂಬ ಕಿಣ್ವ ಅದರ ಥ್ರಿಯೋನೀನ್-308ಕ್ಕೆ (ಅಂದರೆ 308ನೇ ಅಮೈನೋ ಆಮ್ಲಕ್ಕೆ), ಎಂಟಾರ್ ಕಾಂಪ್ಲೆಕ್ಸ್-2 ಎಂಬ ಇನ್ನೊಂದು ಕಿಣ್ವ ಅದರ ಸೆರೀನ್-473ಕ್ಕೆ ಫಾಸ್ಫೇಟ್ ಹಾಕುತ್ತವೆ. ಎರಡೂ ಬಿದ್ದ ಮೇಲೆ ಎಕೆಟಿ ಪೂರ್ತಿ ಎಚ್ಚರ: ಸಾಯಬೇಡ, ಬೆಳೆ, ಪ್ರೋಟೀನ್ ತಯಾರಿಸು ಎಂದು ಕೋಶಕ್ಕೆ ಹೇಳತೊಡಗುತ್ತದೆ.

ಹಾಗಾಗಿ ಪಿಟೆನ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹೆಚ್ಚಿನವರು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಎರಡು ಬ್ಯಾಂಡ್ ನೋಡಿ ಕೈತೊಳೆದುಕೊಳ್ಳುತ್ತಾರೆ: ಪಿಟೆನ್ ಒಂದು, ಫಾಸ್ಫೋ-ಎಕೆಟಿ (ಫಾಸ್ಫೇಟ್ ಹೊತ್ತ ಎಕೆಟಿ) ಒಂದು. ಅಷ್ಟು ಸಾಲದು. ಪಿಟೆನ್ ಇದ್ದೂ ನಿದ್ರಿಸಬಹುದು. ಫಾಸ್ಫೋ-ಎಕೆಟಿ ಹೆಚ್ಚಿದ್ದೂ ಎಕೆಟಿ ಕಟ್ಟಿಹಾಕಿದ ಸ್ಥಿತಿಯಲ್ಲಿರಬಹುದು. ಬ್ರೇಕ್ ಪರೀಕ್ಷಿಸಬೇಕಾದರೆ ಗಾಡಿ ಓಡಿಸಿಯೇ ನೋಡಬೇಕು. ಕೋಶವನ್ನು ಹಸಿವಿಗೆ ಹಾಕಿ, ಸಂದೇಶ ಕೊಟ್ಟು, ಸಂಕೇತ ಎಷ್ಟು ಬೇಗ ಏರಿತು, ಎಷ್ಟು ಬೇಗ ಇಳಿಯಿತು ಎಂದು ನಿಮಿಷಗಳ ಲೆಕ್ಕದಲ್ಲಿ ಅಳೆಯುವುದೇ ಸರಿಯಾದ ದಾರಿ. ಕೆಳಗಿನ ವಿಧಾನ ಅದಕ್ಕಾಗಿ. ಸೆಲ್ ಕಲ್ಚರ್ ಮತ್ತು ವೆಸ್ಟರ್ನ್ ಒಮ್ಮೆಯಾದರೂ ಮಾಡಿದವರಿಗೆ ಇದು ಸುಲಭವಾಗಿ ಹಿಡಿತಕ್ಕೆ ಬರುತ್ತದೆ.

ಯಾವ ಕೋಶ

ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಬಂದ, ಲ್ಯಾಬಿನಲ್ಲಿ ಬೆಳೆಸುವ ಕೋಶಗಳ ಲೈನ್‌ಗಳಿಂದಲೇ ಶುರು ಮಾಡಿ. ಪಿಸಿ-3ರಲ್ಲಿ ಪಿಟೆನ್ ಜೀನ್ ಎರಡೂ ಪ್ರತಿಗಳಲ್ಲಿ ಅಳಿಸಿಹೋಗಿದೆ, ಪ್ರೋಟೀನ್ ಸೊನ್ನೆ. ಎಲ್‌ಎನ್‌ಕ್ಯಾಪ್‌ನಲ್ಲೂ ಪ್ರೋಟೀನ್ ಇಲ್ಲ. ಡಿಯು145ರಲ್ಲಿ ಇದೆ. ಸ್ತನ ಕ್ಯಾನ್ಸರ್ ಕೋಶಗಳೇ ಬೇಕೆಂದರೆ ಎಂಡಿಎ-ಎಂಬಿ-468ರಲ್ಲಿ ಪಿಟೆನ್ ಇಲ್ಲ, ಎಂಡಿಎ-ಎಂಬಿ-231ರಲ್ಲಿ ಇದೆ. ಎಂಸಿಎಫ್-7 ಬೇಡ. ಅದರಲ್ಲಿ ಪಿಟೆನ್ ಸರಿಯಾಗಿದ್ದರೂ ಪಿಐ-3 ಕೈನೇಸ್‌ನ ಆಲ್ಫಾ ಘಟಕವೇ ಮ್ಯುಟೇಟ್ ಆಗಿದೆ. ಬ್ರೇಕ್ ಸರಿ, ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡಿದೆ. ಹೊಸಬರು ಇದನ್ನು 'ಪಿಟೆನ್ ಇರುವ ಕಂಟ್ರೋಲ್' ಎಂದು ಇಟ್ಟುಕೊಂಡು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ.

ಕೋಶಗಳನ್ನು ಪುಣೆಯ ಎನ್‌ಸಿಸಿಎಸ್ ಭಂಡಾರದಂಥ ಅಧಿಕೃತ ಕಡೆಯಿಂದ ತರಿಸಿ, ಎಸ್‌ಟಿಆರ್ ಪ್ರೊಫೈಲ್ (ಕೋಶದ ಡಿಎನ್‌ಎ ಗುರುತು) ನೋಡಿಕೊಳ್ಳಿ. ಪಕ್ಕದ ಲ್ಯಾಬಿನ ಫ್ರೀಜರಿನಿಂದ ಬಂದ 'ಪಿಸಿ-3' ನಿಜಕ್ಕೂ ಪಿಸಿ-3 ಎನ್ನುವುದಕ್ಕೆ ವಯಲ್ ಮೇಲಿನ ಮಾರ್ಕರ್ ಬರಹ ಸಾಕ್ಷಿಯಲ್ಲ. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಬಿಡಬೇಡಿ. ಸೋಂಕು ತಗುಲಿದ ಕೋಶದ ಸಂಕೇತ ಜಾಲವೇ ಬದಲಾಗಿರುತ್ತದೆ.

ಇನ್ನೊಂದು ಮಾತು. ಪಿಸಿ-3 ಮತ್ತು ಡಿಯು145 ಪಕ್ಕಪಕ್ಕ ಇಟ್ಟು, ಕಂಡ ವ್ಯತ್ಯಾಸವನ್ನೆಲ್ಲ ಪಿಟೆನ್ ತಲೆಗೆ ಕಟ್ಟುವಂತಿಲ್ಲ. ಒಂದು ಮೂಳೆಗೆ ಹರಡಿದ ಗಡ್ಡೆಯಿಂದ ಬಂದಿದ್ದು, ಇನ್ನೊಂದು ಮಿದುಳಿಗೆ ಹರಡಿದ್ದರಿಂದ. ಗಡ್ಡೆ ತಡೆಯುವ ಬೇರೆ ಪ್ರೋಟೀನ್‌ಗಳಲ್ಲೂ ವ್ಯತ್ಯಾಸವಿದೆ: ಪಿಸಿ-3ರಲ್ಲಿ ಪಿ53 ಇಲ್ಲ. ಡಿಯು145ರಲ್ಲಿ ಪಿ53 ಮ್ಯುಟೇಟ್ ಆಗಿದೆ, ಆರ್‌ಬಿ ಕೆಟ್ಟಿದೆ, ಎಲ್‌ಕೆಬಿ1 ಕೂಡ ಕಳೆದುಹೋಗಿದೆ. ಎಲ್‌ಕೆಬಿ1 ಇಲ್ಲದಿದ್ದರೆ ಎಂಟಾರ್ ಕಡೆಗಿನ ಇನ್ನೊಂದು ಬ್ರೇಕೂ ಸಡಿಲ. ಎರಡು ಲೈನ್‌ಗಳ ಹೋಲಿಕೆಯಿಂದ ಪರಿಚಯ ಮಾತ್ರ ಆಗುತ್ತದೆ. ಸಾಕ್ಷಿ ಬೇಕೆಂದರೆ ಪಿಸಿ-3ಗೆ ಪಿಟೆನ್ ಮರಳಿ ಕೊಡಬೇಕು, ಡಿಯು145ರಿಂದ ತೆಗೆಯಬೇಕು. ಅದರ ವಿಷಯಕ್ಕೆ ಮುಂದೆ ಬರೋಣ.

ಹಸಿವು ಮತ್ತು ಸಂದೇಶ

ಆರು ಗುಂಡಿಯ ಪ್ಲೇಟಿನಲ್ಲಿ ಗುಂಡಿಗೆ 3ರಿಂದ 4 ಲಕ್ಷ ಕೋಶ ಹಾಕಿ. ಮರುದಿನ ಶೇ 60–70 ತುಂಬಿರಬೇಕು. ಪೂರ್ತಿ ತುಂಬಿದ ಪ್ಲೇಟಿನಲ್ಲಿ ಕೋಶಗಳು ಒಂದಕ್ಕೊಂದು ತಾಗುವುದರಿಂದಲೇ ಎಕೆಟಿ ಮಟ್ಟ ಬದಲಾಗುತ್ತದೆ, ಆದ್ದರಿಂದ ಎಲ್ಲ ಗುಂಡಿಗಳಲ್ಲೂ ಸಾಂದ್ರತೆ ಒಂದೇ ಇರಲಿ. ಎಲ್‌ಎನ್‌ಕ್ಯಾಪ್ ಬಳಸುವವರು ಪಾಲಿ-ಲೈಸೀನ್ ಲೇಪಿಸಿದ ಪ್ಲೇಟ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ತೊಳೆಯಲು ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುದ್ರಾವಣ) ಸುರಿದ ಕೂಡಲೇ ಅರ್ಧ ಕೋಶಗಳು ಹಾಳೆಯಂತೆ ಎದ್ದು ಹೋಗುತ್ತವೆ.

ಸಂಜೆ ಸೀರಮ್ ಇರುವ ಮೀಡಿಯಂ ತೆಗೆದು, ಬೆಚ್ಚಗಿನ ಪಿಬಿಎಸ್‌ನಲ್ಲಿ ಎರಡು ಸಲ ಮೆಲ್ಲಗೆ ತೊಳೆದು, ಸೀರಮ್ ಇಲ್ಲದ ಮೀಡಿಯಂ 1.8 ಮಿಲಿ ಹಾಕಿ 16ರಿಂದ 18 ಗಂಟೆ ಬಿಡಿ. ಸೀರಮ್‌ನಲ್ಲಿ ಇನ್ಸುಲಿನ್‌ನಿಂದ ಹಿಡಿದು ಎಲ್ಲ ಬೆಳವಣಿಗೆ ಅಂಶಗಳೂ ಇರುತ್ತವೆ. ಅದನ್ನು ತೆಗೆಯದೆ ಮೂಲಮಟ್ಟ ಸಿಗುವುದಿಲ್ಲ. 24 ಗಂಟೆ ಮೀರಿಸಿದರೆ ಸಾಯುವ ಕೋಶಗಳ ಗದ್ದಲ ಶುರುವಾಗುತ್ತದೆ.

ಬೆಳಿಗ್ಗೆ ಮೀಡಿಯಂ ಬದಲಾಯಿಸಬೇಡಿ. ಹೊಸ ಮೀಡಿಯಂ ಸುರಿಯುವುದೇ ಎಕೆಟಿಯನ್ನು ಕೆರಳಿಸಲು ಸಾಕು, ತಣ್ಣಗಿನದಾದರೆ ಇನ್ನೂ ಕಷ್ಟ. ಅದಕ್ಕೇ ನಿನ್ನೆ 1.8 ಮಿಲಿ ಹಾಕಿದ್ದು. ಇಂದು 200 ಮೈಕ್ರೋಲೀಟರ್‌ನಲ್ಲಿ ಹತ್ತು ಪಟ್ಟು ಗಟ್ಟಿಯಾದ ಇಜಿಎಫ್ (ಬೆಳವಣಿಗೆಯ ಸಂದೇಶ ಕೊಡುವ ಪ್ರೋಟೀನ್) ಸೇರಿಸಿ, ಅಂತಿಮ ಪ್ರಮಾಣ 50 ನ್ಯಾನೋಗ್ರಾಂ ಪ್ರತಿ ಮಿಲಿಗೆ. ಇನ್ಸುಲಿನ್ ಆದರೆ 100 ನ್ಯಾನೋಮೋಲಾರ್. ಕಂಟ್ರೋಲ್ ಗುಂಡಿಗೂ ಅಷ್ಟೇ ಪ್ರಮಾಣದ ಇಜಿಎಫ್ ಇಲ್ಲದ ದ್ರಾವಣ ಹೋಗಲೇಬೇಕು.

ಸಮಯಗಳು 0, 5, 15, 30, 60, 120 ನಿಮಿಷ. ಇಲ್ಲಿ ಒಂದು ಜಾಣತನ ಬೇಕು: ಎಲ್ಲಕ್ಕೂ ಒಟ್ಟಿಗೆ ಸೇರಿಸಿ ಒಂದೊಂದಾಗಿ ತೆಗೆಯುವ ಬದಲು, ಉಲ್ಟಾ ಲೆಕ್ಕ ಹಾಕಿ. 120 ನಿಮಿಷದ ಗುಂಡಿಗೆ ಮೊದಲು ಸೇರಿಸಿ, ಒಂದು ಗಂಟೆಯ ನಂತರ 60ರದ್ದಕ್ಕೆ, ಇನ್ನರ್ಧ ಗಂಟೆಗೆ 30ರದ್ದಕ್ಕೆ, ಹೀಗೆ. ಕೊನೆಯ 5 ನಿಮಿಷದ್ದು ಮುಗಿದಾಗ ಇಡೀ ಪ್ಲೇಟ್ ಒಂದೇ ಕ್ಷಣದಲ್ಲಿ ಐಸ್ ಮೇಲೆ. ಪ್ಲೇಟನ್ನು ಇನ್‌ಕ್ಯುಬೇಟರಿನಿಂದ ಹೊರಗಿಟ್ಟುಕೊಂಡು ಹರಟೆ ಬೇಡ. ತಾಪಮಾನ ಇಳಿದರೆ ಕಿಣ್ವಗಳ ವೇಗವೂ ಇಳಿಯುತ್ತದೆ.

ಆ ಒಂದು ನಿಮಿಷ

ಇಡೀ ಪ್ರಯೋಗ ಗೆಲ್ಲುವುದೂ ಸೋಲುವುದೂ ಕೋಶ ಒಡೆಯುವ ಮೊದಲ ನಿಮಿಷದಲ್ಲಿ. ಕೋಶದೊಳಗೆ ಫಾಸ್ಫಟೇಸ್‌ಗಳು ಎಂದಿನಂತೆ ಓಡಾಡುತ್ತಿರುತ್ತವೆ. ನೀವು ಪೊರೆ ಒಡೆದ ಕೂಡಲೇ ಅವುಗಳಿಗೆ ಎಲ್ಲ ಬಾಗಿಲೂ ತೆರೆದಂತೆ. ಹಾಗಾಗಿ ಐಸ್ ಮೇಲೆ ಪ್ಲೇಟ್ ಇಟ್ಟು ಮೀಡಿಯಂ ಹೀರಿ, ಐಸ್‌ನಲ್ಲಿದ್ದ ಪಿಬಿಎಸ್‌ನಿಂದ ಒಮ್ಮೆ ತೊಳೆದು, ಕೊನೆಯ ಹನಿಯನ್ನೂ ಪ್ಲೇಟ್ ಓರೆ ಮಾಡಿ ತೆಗೆದು, 120 ಮೈಕ್ರೋಲೀಟರ್ ಲೈಸಿಸ್ ಬಫರ್ ಹಾಕಿ. ತಕ್ಷಣ ಸ್ಕ್ರೇಪರ್. ಟ್ರಿಪ್ಸಿನ್ ಹಾಕಿ ಕೋಶ ಎಬ್ಬಿಸುವುದು ಇಲ್ಲಿ ಅಪರಾಧ: 37 ಡಿಗ್ರಿಯಲ್ಲಿ ಮೂರು ನಿಮಿಷ ಬಿಡುವಷ್ಟರಲ್ಲಿ ಅಳೆಯಬೇಕಾದ ಸಂಕೇತವೇ ಬದಲಾಗಿರುತ್ತದೆ.

ಬಫರ್‌ಗೆ ರೀಪಾ ಸಾಕು: ಟ್ರಿಸ್ 50 ಮಿಲಿಮೋಲಾರ್ ಪಿಎಚ್ 7.4, ಸೋಡಿಯಂ ಕ್ಲೋರೈಡ್ 150 ಮಿಲಿಮೋಲಾರ್, ಎನ್‌ಪಿ-40 ಶೇ 1, ಸೋಡಿಯಂ ಡಿಯಾಕ್ಸಿಕೋಲೇಟ್ ಶೇ 0.5, ಎಸ್‌ಡಿಎಸ್ ಶೇ 0.1. ಇದನ್ನು ಮಾಡಿಟ್ಟುಕೊಳ್ಳಬಹುದು. ಬಳಸುವ ದಿನ ಸೇರಿಸಬೇಕಾದವು ಬೇರೆ: ಸೋಡಿಯಂ ಫ್ಲೋರೈಡ್ 50 ಮಿಲಿಮೋಲಾರ್, ಬೀಟಾ-ಗ್ಲಿಸರೋಫಾಸ್ಫೇಟ್ 10 ಮಿಲಿಮೋಲಾರ್, ಸೋಡಿಯಂ ಆರ್ಥೋವೆನಡೇಟ್ 1 ಮಿಲಿಮೋಲಾರ್, ಪ್ರೋಟಿಯೇಸ್ ತಡೆಗಳ ಮಿಶ್ರಣ, ಮತ್ತು ಕೊನೆಯ ಗಳಿಗೆಯಲ್ಲಿ ಪಿಎಂಎಸ್‌ಎಫ್ 1 ಮಿಲಿಮೋಲಾರ್. ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಹಾಳಾಗುತ್ತದೆ, ಬೆಳಿಗ್ಗೆ ಹಾಕಿಟ್ಟು ಸಂಜೆ ಬಳಸಿದರೆ ಹಾಕದಂತೆಯೇ.

ಫಾಸ್ಫಟೇಸ್ ತಡೆ ಎಂದರೆ ವೆನಡೇಟ್ ಎಂದೇ ಹಲವರ ಲೆಕ್ಕ. ವೆನಡೇಟ್ ತಡೆಯುವುದು ಮುಖ್ಯವಾಗಿ ಟೈರೊಸೀನ್ ಫಾಸ್ಫಟೇಸ್‌ಗಳನ್ನು. ಎಕೆಟಿಯಲ್ಲಿ ನಾವು ನೋಡುತ್ತಿರುವುದು ಸೆರೀನ್ ಮತ್ತು ಥ್ರಿಯೋನೀನ್. ಅವನ್ನು ಕಾಯುವುದು ಫ್ಲೋರೈಡ್ ಮತ್ತು ಗ್ಲಿಸರೋಫಾಸ್ಫೇಟ್. ಆ ಎರಡನ್ನು ಮರೆತು ವೆನಡೇಟ್ ಮಾತ್ರ ಹಾಕಿದರೆ ಸೆರೀನ್-473 ಬ್ಯಾಂಡ್ ತೆಳ್ಳಗಾಗುತ್ತದೆ, ನೀವು 'ಪಿಟೆನ್ ಕೆಲಸ ಮಾಡಿತು' ಎಂದು ಬರೆದುಕೊಳ್ಳುತ್ತೀರಿ. ವೆನಡೇಟನ್ನು ಸಿದ್ಧಪಡಿಸುವ ಕ್ರಮವೂ ಇದೆ: 200 ಮಿಲಿಮೋಲಾರ್ ದ್ರಾವಣವನ್ನು ಪಿಎಚ್ 10ಕ್ಕೆ ತನ್ನಿ, ಹಳದಿ ಬಣ್ಣ ಬಂದರೆ ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಮತ್ತೆ ಪಿಎಚ್ 10 ಮಾಡಿ. ಪಿಎಚ್ 10ರಲ್ಲೇ ನೀರಿನಂತೆ ಬಣ್ಣವಿಲ್ಲದೆ ನಿಲ್ಲುವವರೆಗೆ ಇದನ್ನೇ ಮಾಡಿ. ಹಳದಿ ಉಳಿದಿದ್ದರೆ ಅಣುಗಳು ಗುಂಪುಗಟ್ಟಿವೆ ಎಂದರ್ಥ.

ಐಸ್ ಮೇಲೆ 15 ನಿಮಿಷ ಇಟ್ಟು, 4 ಡಿಗ್ರಿಯಲ್ಲಿ 14,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ತಿಳಿ ತೆಗೆಯಿರಿ. ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆದ ನಂತರವೇ ಲೆಮ್ಲಿ ಬಫರ್ (ಮಾದರಿಯನ್ನು ಜೆಲ್‌ಗೆ ಸಿದ್ಧಪಡಿಸುವ ದ್ರಾವಣ) ಸೇರಿಸಿ. ಅದರಲ್ಲಿರುವ ಡಿಟಿಟಿ ಅಥವಾ ಮರ್ಕ್ಯಾಪ್ಟೊಎಥನಾಲ್ ಬಿಸಿಎ ಬಣ್ಣವನ್ನು ಕೆಡಿಸುತ್ತದೆ. 95 ಡಿಗ್ರಿಯಲ್ಲಿ 5 ನಿಮಿಷ, ಆಮೇಲೆ ಮೈನಸ್ 80. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸದಂತೆ ಮೊದಲೇ ಸಣ್ಣ ಪಾಲು ಮಾಡಿಡಿ.

ಜೆಲ್, ಮತ್ತು 55ರ ಜಾಗದ ಇಕ್ಕಟ್ಟು

ಶೇ 10ರ ಜೆಲ್, ಲೇನ್‌ಗೆ 20 ಮೈಕ್ರೋಗ್ರಾಂ. 403 ಅಮೈನೋ ಆಮ್ಲದ ಪಿಟೆನ್ ಲೆಕ್ಕದಲ್ಲಿ 47 ಕಿಲೋಡಾಲ್ಟನ್, ಜೆಲ್‌ನಲ್ಲಿ ಓಡುವುದು 54–55ರ ಹತ್ತಿರ. ಎಕೆಟಿ 60. ಇವೆರಡರ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ, ಹಾಗಾಗಿ ಮೆಂಬ್ರೇನ್ ಅಡ್ಡ ಕತ್ತರಿಸಿ ಮೇಲಿನ ತುಂಡಿಗೆ ಎಕೆಟಿ, ಕೆಳಗಿನದಕ್ಕೆ ಪಿಟೆನ್ ಎನ್ನುವ ಆಟ ಬೇಡ. ಎರಡು ಜೆಲ್ ಓಡಿಸಿ.

ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗೂ ಸಮ ಪ್ರೋಟೀನ್ ಬಿದ್ದಿದೆಯೇ ಎಂದು ತೋರಿಸುವ ಪ್ರೋಟೀನ್) ಆಗಿ ಟ್ಯೂಬ್ಯುಲಿನ್ ಬೇಡ. ಅದೂ 50–55ರಲ್ಲೇ ಕೂರುತ್ತದೆ; ಪಿಟೆನ್ ಇಲ್ಲದ ಪಿಸಿ-3ರಲ್ಲಿ 'ಪಿಟೆನ್' ಕಂಡಿತು ಎಂಬ ಗಾಬರಿಯ ಹಿಂದೆ ಎಷ್ಟೋ ಸಲ ಸರಿಯಾಗಿ ಸ್ಟ್ರಿಪ್ ಆಗದ (ಮೆಂಬ್ರೇನಿನಿಂದ ಕಳಚದ) ಟ್ಯೂಬ್ಯುಲಿನ್ ಆ್ಯಂಟಿಬಾಡಿ ಇರುತ್ತದೆ. 37ರ ಜಿಎಪಿಡಿಎಚ್ ಅಥವಾ 120ರ ಆಸುಪಾಸಿನ ವಿಂಕ್ಯುಲಿನ್ ಇಟ್ಟುಕೊಳ್ಳಿ. ಇಮ್ಯುನೋಪ್ರೆಸಿಪಿಟೇಶನ್ (ಆ್ಯಂಟಿಬಾಡಿಯಿಂದ ಪ್ರೋಟೀನನ್ನು ಎಳೆದು ತೆಗೆಯುವುದು) ಮಾಡಿ ಪಿಟೆನ್ ನೋಡುವವರಿಗೆ ಇದೇ ಜಾಗದಲ್ಲಿ ಇನ್ನೊಬ್ಬ ಅತಿಥಿ: ಆ್ಯಂಟಿಬಾಡಿಯ ಭಾರದ ಸರಪಳಿ, ಅದೂ 50–55. ಹಗುರ ಸರಪಳಿ (ಲೈಟ್ ಚೈನ್) ಮಾತ್ರ ಗುರುತಿಸುವ ಸೆಕೆಂಡರಿ ಆ್ಯಂಟಿಬಾಡಿ ಬಳಸಿದರೆ ತಾಪತ್ರಯ ತಪ್ಪುತ್ತದೆ.

75ರ ಹತ್ತಿರ ತೆಳು ಬ್ಯಾಂಡ್ ಕಂಡರೆ ಕೂಡಲೇ ಕಸ ಎನ್ನಬೇಡಿ. ಪಿಟೆನ್‌ಗೆ 173 ಅಮೈನೋ ಆಮ್ಲ ಹೆಚ್ಚಿರುವ ಒಂದು ಉದ್ದ ರೂಪವಿದೆ, 2013ರಲ್ಲಿ ವರದಿಯಾಗಿದ್ದು. ಅದು ಆ ಜಾಗಕ್ಕೇ ಬರುತ್ತದೆ. ಆದರೆ ಪಿಸಿ-3 ಲೇನಿನಲ್ಲೂ ಅದೇ ಬ್ಯಾಂಡ್ ಇದ್ದರೆ ಅದು ಕಸವೇ. ಜೀನೇ ಇಲ್ಲದ ಕೋಶ ಇದ್ದರೆ ಆ್ಯಂಟಿಬಾಡಿಯ ಸಾಚಾತನ ಅಳೆಯುವುದು ಇಷ್ಟು ಸಲೀಸು. ಪ್ರತಿ ಜೆಲ್‌ನಲ್ಲೂ ಒಂದು ಲೇನ್ ಪಿಸಿ-3 ಇರಲಿ.

ಪಿವಿಡಿಎಫ್ ಮೆಂಬ್ರೇನನ್ನು ಮೆಥನಾಲ್‌ನಲ್ಲಿ ಒಂದು ನಿಮಿಷ ನೆನೆಸಿ, ತಣ್ಣಗಿನ ಬಫರ್‌ನಲ್ಲಿ 100 ವೋಲ್ಟ್, 75 ನಿಮಿಷ. ಪಾನ್ಸೋ ಬಣ್ಣ ಹಾಕಿ ಲೇನ್‌ಗಳು ಸಮವಾಗಿವೆಯೇ ನೋಡಿ ಒಂದು ಫೋಟೋ ತೆಗೆದಿಡಿ. ಬ್ಲಾಕಿಂಗ್‌ಗೆ ಟಿಬಿಎಸ್‌ಟಿಯಲ್ಲಿ ಶೇ 5ರ ಬಿಎಸ್‌ಎ, ಒಂದು ಗಂಟೆ. ಫಾಸ್ಫೋ ಆ್ಯಂಟಿಬಾಡಿಗೆ ಹಾಲು ಕೂಡದು ಎಂಬ ನಿಯಮಕ್ಕೆ ಕಾರಣ ಹಾಲಿನ ಕೇಸೀನ್ ಸ್ವತಃ ಫಾಸ್ಫೋಪ್ರೋಟೀನ್ ಎಂಬುದು. ಕೆಲವು ಆ್ಯಂಟಿಬಾಡಿಗಳಿಗೆ ಹಾಲೇ ಚೆನ್ನಾಗಿ ಹೊಂದುತ್ತದೆ, ಆದರೆ ಅದನ್ನು ಪರೀಕ್ಷಿಸಿಯೇ ತಿಳಿಯಬೇಕು. ಹಾಲು ಬಳಸುವುದಾದರೂ ಅಂಗಡಿಯಿಂದ ಡೈರಿ ವೈಟ್ನರ್ ತರಬೇಡಿ. ಅದರಲ್ಲಿ ಸಕ್ಕರೆ ಇರುತ್ತದೆ. ಕಾಫಿಗೆ ಸರಿ, ಮೆಂಬ್ರೇನ್‌ಗಲ್ಲ.

ಪ್ರೈಮರಿ (ಪ್ರೋಟೀನನ್ನು ಹಿಡಿಯುವ ಮೊದಲ ಆ್ಯಂಟಿಬಾಡಿ) 1:1000, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಮೊದಲು ಫಾಸ್ಫೋ, ನಂತರ ಒಟ್ಟು ಎಕೆಟಿ. ಹಿಂದುಮುಂದು ಮಾಡಿದರೆ ಸ್ಟ್ರಿಪ್ಪಿಂಗ್‌ನಲ್ಲಿ ಸ್ವಲ್ಪ ಪ್ರೋಟೀನ್ ತೊಳೆದುಹೋಗಿ ಮೊದಲೇ ದುರ್ಬಲವಾದ ಫಾಸ್ಫೋ ಬ್ಯಾಂಡ್ ಮಾಯ. ತೊಳೆತ ಹತ್ತು ಹತ್ತು ನಿಮಿಷ ಮೂರು ಸಲ, ಎಚ್‌ಆರ್‌ಪಿ (ಬ್ಯಾಂಡ್ ಹೊಳೆಯಿಸುವ ಕಿಣ್ವ) ಅಂಟಿಸಿದ ಸೆಕೆಂಡರಿ 1:5000 ಒಂದು ಗಂಟೆ. ಮರುಬಳಕೆಗೆಂದು ಪ್ರೈಮರಿಗೆ ಸೋಡಿಯಂ ಅಝೈಡ್ ಹಾಕಿಟ್ಟಿದ್ದರೆ ನಂತರ ಚೆನ್ನಾಗಿ ತೊಳೆಯಿರಿ. ಅಝೈಡ್ ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ.

ಫಿಲ್ಮ್ ಅಥವಾ ಕ್ಯಾಮೆರಾದಲ್ಲಿ ಕಪ್ಪಗೆ ತುಂಬಿಕೊಂಡ ಬ್ಯಾಂಡಿನಿಂದ ಅಂಕಿ ತೆಗೆಯುವುದು ವ್ಯರ್ಥ. ಒಂದೇ ಮಾದರಿಯನ್ನು 5, 10, 20, 40 ಮೈಕ್ರೋಗ್ರಾಂ ಹಾಕಿ ಒಮ್ಮೆ ನೋಡಿ: ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಬರುತ್ತಿದೆಯೇ? ಪಿಸಿ-3ರಲ್ಲಿ ಫಾಸ್ಫೋ-ಎಕೆಟಿ ಇಷ್ಟು ಜೋರಾಗಿರುತ್ತದೆ ಎಂದರೆ ಡಿಯು145ರ ಬ್ಯಾಂಡ್ ಕಾಣುವಷ್ಟು ಹೊತ್ತು ಎಕ್ಸ್‌ಪೋಸ್ ಮಾಡುವಷ್ಟರಲ್ಲಿ ಪಿಸಿ-3ರದ್ದು ಸುಟ್ಟುಹೋಗಿರುತ್ತದೆ. ಎರಡು ಎಕ್ಸ್‌ಪೋಷರ್ ತೆಗೆಯಿರಿ, ಎರಡನ್ನೂ ತೋರಿಸಿ.

ಏನು ಕಾಣಬೇಕು

ಡಿಯು145ರಲ್ಲಿ 0 ನಿಮಿಷಕ್ಕೆ ಫಾಸ್ಫೋ-ಎಕೆಟಿ ಇಲ್ಲವೆನ್ನುವಷ್ಟು ಕಡಿಮೆ. ಇಜಿಎಫ್ ಬಿದ್ದ 5–15 ನಿಮಿಷದಲ್ಲಿ ಏರಿ, ಆಮೇಲೆ ಇಳಿಯತೊಡಗಬೇಕು. ಪಿಸಿ-3ರಲ್ಲಿ ಹಸಿವಿನ ರಾತ್ರಿ ಕಳೆದರೂ ಸೆರೀನ್-473 ಹೊತ್ತಿ ಉರಿಯುತ್ತಿರುತ್ತದೆ. ಇಜಿಎಫ್‌ನಿಂದ ಮೇಲಕ್ಕೆ ಹೋಗಲು ಜಾಗವೇ ಕಡಿಮೆ. ಪಿಟೆನ್ ಇಲ್ಲದ ಕೋಶದ ನಿಜವಾದ ಗುರುತು ಈ ಎರಡು: ಕೆಳಗಿಳಿಯದ ಮೂಲಮಟ್ಟ, ಮತ್ತು ಏರಿದ ಮೇಲೆ ಇಳಿಯಲು ಒಲ್ಲದ ಸಂಕೇತ.

ಎಕೆಟಿಯಲ್ಲೇ ನಿಲ್ಲಬೇಡಿ, ಕೆಳಗೂ ನೋಡಿ. ಎಕೆಟಿ ನೇರವಾಗಿ ಫಾಸ್ಫೇಟ್ ಹಾಕುವ ಪ್ರಾಸ್-40ರ ಥ್ರಿಯೋನೀನ್-246 ಮತ್ತು ಜಿಎಸ್‌ಕೆ-3 ಬೀಟಾದ ಸೆರೀನ್-9 ನಂಬಿಕೆಗೆ ಅರ್ಹ. ಇನ್ನೂ ಕೆಳಗಿನ ಎಸ್6 ಪ್ರೋಟೀನ್, 32 ಕಿಲೋಡಾಲ್ಟನ್, ಎಂಟಾರ್ ಕಡೆಯ ಸುದ್ದಿ ಹೇಳುತ್ತದೆ. ಆದರೆ ಎಸ್6ಗೆ ಇಆರ್‌ಕೆ ದಾರಿಯಿಂದಲೂ, ಅಮೈನೋ ಆಮ್ಲಗಳಿಂದಲೂ ಸಂದೇಶ ಬರುತ್ತದೆ. ಪಿಟೆನ್ ಮರಳಿದರೂ ಎಸ್6 ಇಳಿಯಲಿಲ್ಲ ಎಂದು ಕಂಗಾಲಾಗಬೇಕಿಲ್ಲ.

ಫಾಸ್ಫೋ-ಎಕೆಟಿ ಸುಳ್ಳು ಹೇಳುವ ಎರಡು ಸಂದರ್ಭ ಚೆನ್ನಾಗಿ ನೆನಪಿಡಬೇಕು. ಒಂದು, ಎಂಟಾರ್ ತಡೆಯುವ ಔಷಧ ರಾಪಮೈಸಿನ್. ಎಂಟಾರ್ ಕಾಂಪ್ಲೆಕ್ಸ್-1 ಮುಚ್ಚಿದಾಗ ಎಸ್6 ಕೈನೇಸ್ ಎಂಬ ಕಿಣ್ವವು ದಾರಿಯ ಮೇಲ್ತುದಿಯ ಐಆರ್‌ಎಸ್-1 ಎಂಬ ಪ್ರೋಟೀನಿಗೆ ಹಾಕುತ್ತಿದ್ದ ಅಂಕುಶ ಕಳಚಿ, ಹಲವು ಕೋಶಗಳಲ್ಲಿ ಸೆರೀನ್-473 ಮೇಲಕ್ಕೇ ಹೋಗುತ್ತದೆ. ಇನ್ನೊಂದು, ಎಕೆಟಿ ಔಷಧಗಳು. ಎಂಕೆ-2206 ಎಕೆಟಿಯನ್ನು ಮಡಚಿಟ್ಟು ಪೊರೆಗೇ ಹೋಗಲು ಬಿಡುವುದಿಲ್ಲ, ಹಾಗಾಗಿ 1 ಮೈಕ್ರೋಮೋಲಾರ್ ಕೊಟ್ಟ ಒಂದು ಗಂಟೆಯಲ್ಲಿ ಎರಡೂ ಫಾಸ್ಫೇಟ್ ಮಾಯ. ಆದರೆ ಕ್ಯಾಪಿವಾಸರ್ಟಿಬ್‌ನಂಥವು ಎಟಿಪಿ ಕೂರುವ ಗೂಡಿಗೇ ನುಗ್ಗುತ್ತವೆ. ಆಗ ಎಕೆಟಿ ಫಾಸ್ಫೇಟ್ ಹೊತ್ತ ಸ್ಥಿತಿಯಲ್ಲೇ ಬಂಧಿ: ಬ್ಯಾಂಡ್ ಜೋರು, ಕೆಲಸ ಸೊನ್ನೆ. ಪ್ರಾಸ್-40 ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಇದು ಪಠ್ಯಪುಸ್ತಕದ ಕುತೂಹಲವಷ್ಟೇ ಅಲ್ಲ. ಪಿಟೆನ್ ಸೇರಿದಂತೆ ಈ ದಾರಿಯ ಜೀನ್‌ಗಳು ಕೆಟ್ಟಿರುವ ಒಂದು ಬಗೆಯ ಸ್ತನ ಕ್ಯಾನ್ಸರಿಗೆ ಫುಲ್ವೆಸ್ಟ್ರಾಂಟ್ ಜೊತೆ ಕ್ಯಾಪಿವಾಸರ್ಟಿಬ್ ಕೊಡಲು ಅಮೆರಿಕದ ಎಫ್‌ಡಿಎ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಸಂಕೇತ ನಿಜಕ್ಕೂ ಪಿಐ-3 ಕೈನೇಸ್‌ನಿಂದಲೇ ಬರುತ್ತಿದೆಯೇ ಎಂದು ನೋಡಲು ಅದನ್ನು ತಡೆಯುವ ವರ್ಟ್‌ಮ್ಯಾನಿನ್ 100 ನ್ಯಾನೋಮೋಲಾರ್, 30 ನಿಮಿಷ. ಅದು ನೀರಿನಲ್ಲಿ ಬೇಗ ಕೆಡುವ ವಸ್ತು. ಡಿಎಂಎಸ್‌ಒನಲ್ಲಿಟ್ಟು ಬಳಸುವ ಕ್ಷಣಕ್ಕೆ ತೆಳುಮಾಡಿ. ಡಿಎಂಎಸ್‌ಒ ಎಲ್ಲ ಗುಂಡಿಗಳಲ್ಲೂ ಶೇ 0.1ರೊಳಗೆ. ಪಿಟೆನ್ ಇಲ್ಲದ ಪ್ರಾಸ್ಟೇಟ್ ಕೋಶಗಳಿಗೆ ಅಲ್ಪೆಲಿಸಿಬ್ ಕೊಟ್ಟು ಎಕೆಟಿ ಇಳಿಯದಿದ್ದರೆ ಬಾಟಲಿಯನ್ನು ಬೈಯಬೇಡಿ. ಅದು ಆಲ್ಫಾ ಘಟಕದ ಔಷಧ. ಪಿಟೆನ್ ಕಳೆದುಕೊಂಡ ಹಲವು ಗಡ್ಡೆಗಳು ಬೀಟಾ ಘಟಕವನ್ನೇ ನೆಚ್ಚಿಕೊಂಡಿರುತ್ತವೆ ಎಂದು 2008ರಿಂದಲೇ ಗೊತ್ತು.

ಪಿಟೆನ್ ಮರಳಿ ಕೊಡುವುದು

ಪಿಸಿ-3ಗೆ ಕನಿಷ್ಠ ನಾಲ್ಕು ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ) ಬೇಕು. ಖಾಲಿ ವೆಕ್ಟರ್, ಸಹಜ ಪಿಟೆನ್, ಸಿಸ್ಟೀನ್-124 ಜಾಗದಲ್ಲಿ ಸೆರೀನ್ ಇರುವ ಪೂರ್ತಿ ಸತ್ತ ರೂಪ, ಗ್ಲೈಸೀನ್-129 ಜಾಗದಲ್ಲಿ ಗ್ಲುಟಮೇಟ್ ಇರುವ ರೂಪ. ಈ ಕೊನೆಯದಕ್ಕೆ ಪ್ರೋಟೀನಿನಿಂದ ಫಾಸ್ಫೇಟ್ ಕೀಳುವ ಶಕ್ತಿ ಉಳಿದಿದೆ, ಪಿಪ್-3ರಿಂದ ಕೀಳುವ ಶಕ್ತಿ ಹೋಗಿದೆ. ಸಹಜ ಪಿಟೆನ್ ಎಕೆಟಿಯನ್ನು ಇಳಿಸಿ, ಉಳಿದೆರಡು ಇಳಿಸದಿದ್ದರೆ ಕೆಲಸ ಮಾಡಿದ್ದು ಕೊಬ್ಬಿನ ಮೇಲಿನ ಕೈಚಳಕವೇ ಎಂದು ಧೈರ್ಯವಾಗಿ ಹೇಳಬಹುದು. ಅನುಕೂಲವಿದ್ದರೆ ಟೈರೊಸೀನ್-138 ಜಾಗಕ್ಕೆ ಲ್ಯೂಸೀನ್ ಹಾಕಿದ ರೂಪವನ್ನೂ ಸೇರಿಸಿ. ಅದು ಗ್ಲೈಸೀನ್-129 ಬದಲಾದ ರೂಪದ ಕನ್ನಡಿ ಬಿಂಬ, ಕೊಬ್ಬಿನ ಮೇಲೆ ಸಮರ್ಥ, ಪ್ರೋಟೀನ್ ಮೇಲೆ ಅಲ್ಲ.

ಇಲ್ಲಿ ಎಲ್ಲರೂ ಬೀಳುವ ಹಳ್ಳವೊಂದಿದೆ. ಪಿಸಿ-3ರಲ್ಲಿ ಟ್ರಾನ್ಸ್‌ಫೆಕ್ಷನ್ (ಕೋಶದೊಳಕ್ಕೆ ಪ್ಲಾಸ್ಮಿಡ್ ಸೇರಿಸುವುದು) ನೂರಕ್ಕೆ ನೂರು ಆಗುವುದಿಲ್ಲ. ಮೂರರಲ್ಲೊಂದು ಕೋಶಕ್ಕೆ ಪಿಟೆನ್ ಹೋಯಿತು ಎಂದುಕೊಳ್ಳಿ. ಉಳಿದ ಎರಡರಲ್ಲಿ ಎಕೆಟಿ ಮೊದಲಿನಂತೆಯೇ ಉರಿಯುತ್ತಿರುತ್ತದೆ. ಎಲ್ಲವನ್ನೂ ಅರೆದು ಒಂದೇ ಲೇನ್‌ಗೆ ಹಾಕಿದಾಗ ಪಿಟೆನ್ ಬ್ಯಾಂಡ್ ಭರ್ಜರಿ, ಫಾಸ್ಫೋ-ಎಕೆಟಿ ಕದಲಿಲ್ಲ. ಪಿಟೆನ್ ಕೆಲಸ ಮಾಡುತ್ತಿಲ್ಲ ಎಂಬ ತಪ್ಪು ತೀರ್ಮಾನ ಹುಟ್ಟುವುದು ಇಲ್ಲೇ.

ಪರಿಹಾರ ಸೊಗಸಾಗಿದೆ. ಪಿಟೆನ್ ಜೊತೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಅಂಟಿಸಿದ ಎಕೆಟಿಯನ್ನೂ ಕಳಿಸಿ, 3ಕ್ಕೆ 1ರ ಪ್ರಮಾಣದಲ್ಲಿ: ಗುಂಡಿಗೆ ಪಿಟೆನ್ 1.5, ಜಿಎಫ್‌ಪಿ-ಎಕೆಟಿ 0.5 ಮೈಕ್ರೋಗ್ರಾಂ. ಹಸಿರಾದ ಕೋಶಕ್ಕೆ ಪಿಟೆನ್ ಹೋಗಿರುವ ಸಾಧ್ಯತೆ ಆಗ ಬಹಳ ಹೆಚ್ಚು. ಜಿಎಫ್‌ಪಿಯ 27 ಸೇರಿ ಈ ಎಕೆಟಿ 87ರ ಹತ್ತಿರ ಓಡುತ್ತದೆ, ಕೋಶದ ಸ್ವಂತ ಎಕೆಟಿ 60ರಲ್ಲೇ ಉಳಿಯುತ್ತದೆ. ಒಂದೇ ಲೇನಿನಲ್ಲಿ ಮೇಲಿನ ಬ್ಯಾಂಡ್ ಟ್ರಾನ್ಸ್‌ಫೆಕ್ಟ್ ಆದ ಕೋಶಗಳ ಸುದ್ದಿ ಹೇಳಿದರೆ, ಕೆಳಗಿನದು ಇಡೀ ಗುಂಪಿನದು. 36 ಗಂಟೆಗೆ ಕೊಯ್ಯಿರಿ, ಕೊನೆಯ 16 ಗಂಟೆ ಹಸಿವು. ಶಾಶ್ವತ ಪರಿಹಾರ ಬೇಕೆಂದರೆ ಡಾಕ್ಸಿಸೈಕ್ಲಿನ್ ಕೊಟ್ಟಾಗ ಮಾತ್ರ ಪಿಟೆನ್ ತಯಾರಿಸುವ ಲೆಂಟಿವೈರಸ್ ಲೈನ್ ಮಾಡಿ. ಸದಾ ಪಿಟೆನ್ ತಯಾರಿಸುವ ಪಿಸಿ-3 ಲೈನನ್ನು ಬೆಳೆಸಲು ಹೊರಟರೆ ನಿಧಾನ ಬೆಳೆಯುವ ಪಿಟೆನ್ ಕೋಶಗಳನ್ನು ಪಿಟೆನ್ ಬಿಸಾಕಿದ ಕೋಶಗಳು ಕೆಲವೇ ವಾರಗಳಲ್ಲಿ ಹಿಂದಿಕ್ಕುತ್ತವೆ. ಅದು ಪ್ರಯೋಗದ ಸೋಲಲ್ಲ, ಪಿಟೆನ್ ಕೆಲಸ ಮಾಡಿದ್ದರ ಪುರಾವೆ. ಆದರೆ ನಿಮ್ಮ ಲೈನ್ ಅಂತೂ ಹೋಯಿತು.

ಡಿಯು145ರಿಂದ ಪಿಟೆನ್ ತೆಗೆಯಲು ಎರಡು ಬೇರೆ ಬೇರೆ ಎಸ್‌ಐಆರ್‌ಎನ್‌ಎ (ಜೀನಿನ ಸಂದೇಶವನ್ನು ಅಳಿಸುವ ಚಿಕ್ಕ ಆರ್‌ಎನ್‌ಎ), ತಲಾ 20 ನ್ಯಾನೋಮೋಲಾರ್. 72 ಗಂಟೆ ಕಾಯಿರಿ. ಪಿಟೆನ್ ಬಹುಕಾಲ ಬಾಳುವ ಪ್ರೋಟೀನ್, ಆರ್‌ಎನ್‌ಎ ಹೋದರೂ ಹಳೆಯ ದಾಸ್ತಾನು ಉಳಿದಿರುತ್ತದೆ. ಹಸಿವಿನಲ್ಲಿರುವ ಮೂಲಮಟ್ಟ ಸ್ವಲ್ಪವೇ ಏರಬಹುದು. ವ್ಯತ್ಯಾಸ ಎದ್ದು ಕಾಣುವುದು 60 ಮತ್ತು 120 ನಿಮಿಷದ ಲೇನ್‌ಗಳಲ್ಲಿ, ಅದಕ್ಕೇ ಅವನ್ನು ಇಟ್ಟಿದ್ದು. ಆರ್‌ಎನ್‌ಎ ಮಟ್ಟ ಅಳೆಯುವವರು ಒಂದು ಎಚ್ಚರ ವಹಿಸಬೇಕು: ಒಂಬತ್ತನೇ ಕ್ರೋಮೋಸೋಮಿನಲ್ಲಿ ಪಿಟೆನ್‌ನ ಹುಸಿಜೀನ್ ಇದೆ, ಇಂಟ್ರಾನ್‌ಗಳಿಲ್ಲದ್ದು, ಅಸಲಿಯನ್ನೇ ಹೋಲುವಂಥದ್ದು. ಎಕ್ಸಾನ್ ಗಡಿಯ ಮೇಲೆ ಪ್ರೈಮರ್ ಕೂರಿಸಿದರೂ ಅದು ಸಿಕ್ಕಿಬೀಳುತ್ತದೆ. ಅನುಕ್ರಮ ಬೇರೆಯಾಗುವ ಜಾಗ ಹುಡುಕಿ ಪ್ರೈಮರ್ ಮಾಡಿ, ಡಿಎನ್‌ಏಸ್ ಹಾಕಲು ಮರೆಯಬೇಡಿ.

ಬ್ಯಾಂಡ್ ಇದ್ದೂ ಬ್ರೇಕ್ ಇಲ್ಲದಾಗ

ಪಿಟೆನ್ ಬ್ಯಾಂಡ್ ಚೆನ್ನಾಗಿದೆ, ಪಿಐ-3 ಕೈನೇಸ್ ಮ್ಯುಟೇಶನ್ ಇಲ್ಲ, ಆದರೂ ಎಕೆಟಿ ಜೋರು. ಮೂರು ಕಡೆ ಹುಡುಕಿ. ಮೊದಲನೆಯದು ಪಿಟೆನ್‌ನ ಬಾಲ: ಅಲ್ಲಿನ ಸೆರೀನ್-380, ಥ್ರಿಯೋನೀನ್-382 ಮತ್ತು 383ಕ್ಕೆ ಸಿಕೆ2 ಎಂಬ ಕೈನೇಸ್ ಫಾಸ್ಫೇಟ್ ಹಾಕಿದಾಗ ಪಿಟೆನ್ ಮುದುಡಿಕೊಳ್ಳುತ್ತದೆ. ಆಗ ಅದು ಹೆಚ್ಚು ಕಾಲ ಬಾಳುತ್ತದೆ, ಆದರೆ ಪೊರೆಗೆ ಹೋಗುವುದು ಕಡಿಮೆ. ಅಂದರೆ ದಪ್ಪ ಬ್ಯಾಂಡ್ ಕೆಲವೊಮ್ಮೆ ಸೋಮಾರಿ ಪಿಟೆನ್‌ನ ಲಕ್ಷಣ. ಈ ಜಾಗಕ್ಕೆ ಫಾಸ್ಫೋ ಆ್ಯಂಟಿಬಾಡಿ ಸಿಗುತ್ತದೆ.

ಎರಡನೆಯದು ಉತ್ಕರ್ಷಣ. ಹೈಡ್ರೋಜನ್ ಪೆರಾಕ್ಸೈಡ್ ಸೋಕಿದರೆ ಸಿಸ್ಟೀನ್-124 ಮತ್ತು ಸಿಸ್ಟೀನ್-71 ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಿಣ್ವ ನಿಲ್ಲುತ್ತದೆ. ಇದನ್ನು ಎಂದಿನ ಜೆಲ್‌ನಲ್ಲಿ ನೋಡಲಾಗದು. ಡಿಟಿಟಿ ಆ ಕೊಂಡಿಯನ್ನೇ ಬಿಚ್ಚಿಬಿಡುತ್ತದೆ. ಲೈಸಿಸ್ ಬಫರ್‌ಗೆ ಎನ್-ಎಥೈಲ್‌ಮೇಲಿಮೈಡ್ 10 ಮಿಲಿಮೋಲಾರ್ ಹಾಕಿ, ಡಿಟಿಟಿ ಇಲ್ಲದ ಲೆಮ್ಲಿಯಲ್ಲಿ ಓಡಿಸಿ. ಕೊಂಡಿ ಬಿದ್ದ ಪಿಟೆನ್ ಸ್ವಲ್ಪ ಕೆಳಗೆ ಓಡುವುದು ಕಾಣುತ್ತದೆ.

ಮೂರನೆಯದು ಮ್ಯುಟೇಶನ್, ಅದಕ್ಕೆ ಸೀಕ್ವೆನ್ಸಿಂಗ್ ಬಿಟ್ಟು ಬೇರೆ ದಾರಿಯಿಲ್ಲ.

ಕಿಣ್ವದ ಶಕ್ತಿಯನ್ನೇ ನೇರವಾಗಿ ಅಳೆಯಬೇಕೆಂದರೆ ಪಿಟೆನ್ ಅನ್ನು ಆ್ಯಂಟಿಬಾಡಿಯಿಂದ ಎಳೆದು, ನೀರಿನಲ್ಲಿ ಕರಗುವ ಚಿಕ್ಕ ಬಾಲದ ಪಿಪ್-3 ಕೊಟ್ಟು, ಬಿಡುಗಡೆಯಾದ ಫಾಸ್ಫೇಟನ್ನು ಮ್ಯಾಲಕೈಟ್ ಗ್ರೀನ್ ಬಣ್ಣದಿಂದ 620–650 ನ್ಯಾನೋಮೀಟರ್‌ನಲ್ಲಿ ಓದಿ. ಬಫರ್‌ನಲ್ಲಿ ಡಿಟಿಟಿ 10 ಮಿಲಿಮೋಲಾರ್ ಇರಲಿ. ಪಿಬಿಎಸ್ ಒಂದು ಹನಿಯೂ ಉಳಿಯಬಾರದು, ಅದರ ಫಾಸ್ಫೇಟೇ ಇಡೀ ಪ್ಲೇಟನ್ನು ಹಸಿರು ಮಾಡುತ್ತದೆ. ಮುಖ್ಯವಾಗಿ, ಈ ಮಾದರಿಗಳ ಲೈಸಿಸ್ ಬಫರ್‌ಗೆ ವೆನಡೇಟ್ ಹಾಕಬೇಡಿ. ಅದು ಪಿಟೆನ್ ಅನ್ನೂ ತಡೆಯುತ್ತದೆ. ವೆಸ್ಟರ್ನ್‌ಗೆ ಮಾಡಿಟ್ಟ ಬಫರನ್ನೇ ಇದಕ್ಕೂ ಸುರಿದು, ಸಹಜ ಪಿಟೆನ್‌ಗೂ ಸತ್ತ ರೂಪಕ್ಕೂ ಒಂದೇ ಅಂಕಿ ಬಂತೆಂದು ತಲೆ ಚಚ್ಚಿಕೊಳ್ಳುವುದು ಸಾಮಾನ್ಯ. ಫ್ರಿಜ್‌ನಲ್ಲಿರುವ ಎರಡು ಬಾಟಲಿಗಳಿಗೂ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿಡಿ.